ಹಳೆಯ ಟೈರ್ ಓದಿ ಹೊಸದನ್ನು ಆರಿಸಿದ್ದು

ಸ್ಕೂಟರ್‌ಗೆ ಹೊಸ ಟೈರ್ ಹಾಕಿಸಬೇಕು ಎಂದು ಬಾಯಿಬಿಟ್ಟರೆ ಸಾಕು, ಸುತ್ತಲಿನವರು ಕಂಪನಿಗಳ ಹೆಸರು ಹೇಳಲು ಶುರುಮಾಡುತ್ತಾರೆ. ಒಬ್ಬರು ಹೊಗಳಿದ ಟೈರನ್ನೇ ಇನ್ನೊಬ್ಬರು ಶಪಿಸುತ್ತಾರೆ. ಇಬ್ಬರದೂ ಸುಳ್ಳಲ್ಲ. ಒಬ್ಬರು ಒಣ ರಸ್ತೆಯಲ್ಲಿ ಒಂಟಿಯಾಗಿ ನೆಟ್ಟಗೆ ಹೋಗುವವರು, ಇನ್ನೊಬ್ಬರು ಮಳೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿಜಾರು ಇಳಿಯುವವರು. ಅವರ ಅನುಭವ ನನ್ನ ಚಕ್ರಕ್ಕೆ ಹೊಂದುತ್ತದೆ ಎಂದು ಏನು ಖಾತ್ರಿ? ಹಾಗಾಗಿ ನನ್ನ ಹುಡುಕಾಟ ಶುರುವಾದದ್ದು ಕಳಚಬೇಕಾಗಿದ್ದ ಹಳೆಯ ಟೈರ್‌ಗಳಿಂದಲೇ. ನನ್ನ ಸವಾರಿಯ ಬಗ್ಗೆ ಅವುಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ನಡುವಿನ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ನಡುಭಾಗ ಚಪ್ಪಟೆಯಾಗಿತ್ತು; ಎರಡೂ ಅಂಚುಗಳಲ್ಲಿ ಮಾತ್ರ ಗೆರೆಗಳು ಇನ್ನೂ ಆಳವಾಗಿ ಉಳಿದಿದ್ದವು. ಸ್ಕೂಟರ್‌ನಲ್ಲಿ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಕುಳಿತಿರುತ್ತದೆ. ಸವಾರನ ಭಾರದ ದೊಡ್ಡ ಪಾಲೂ ಅಲ್ಲಿಗೇ ಬೀಳುತ್ತದೆ, ಎಳೆಯುವ ಕೆಲಸವೂ ಅದರದ್ದೇ. ಹಿಂದಿನ ಟೈರ್ ಬೇಗ ಬೋಳಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಡುವೆ ಮಾತ್ರ ಸವೆದಿದೆ ಎಂದರೆ ಎರಡು ಕಾರಣಗಳಲ್ಲಿ ಒಂದಿರಬೇಕು: ಗಾಳಿ ಹೆಚ್ಚಾಗಿರಬೇಕು, ಇಲ್ಲವೇ ಸವಾರಿಯೆಲ್ಲ ನೇರ ರಸ್ತೆಯಲ್ಲಿ ಆಗಿರಬೇಕು. ಗೇಜ್ ನನ್ನ ಡಿಕ್ಕಿಯಲ್ಲೇ ಇರುತ್ತದೆ, ಗಾಳಿಯ ಲೆಕ್ಕ ತಪ್ಪಿರಲಿಲ್ಲ. ಉಳಿದದ್ದು ನೇರ ರಸ್ತೆ. ಇದೇ ಸವೆತ ಎರಡೂ ಅಂಚುಗಳಲ್ಲಿ ಕಂಡಿದ್ದರೆ ಗಾಳಿ ಕಡಿಮೆ ಎನ್ನಬಹುದಿತ್ತು. ಒಂದೇ ಬದಿ ಸವೆದಿದ್ದರೆ ಟೈರ್ ಕೊಳ್ಳುವ ಮೊದಲು ಚಕ್ರದ ಬೇರಿಂಗನ್ನೂ ಎಂಜಿನ್ ಹಿಡಿದಿರುವ ಬುಷ್‌ಗಳನ್ನೂ ನೋಡಿಸಬೇಕು. ಇಲ್ಲದಿದ್ದರೆ ಹೊಸ ಟೈರ್ ಕೂಡ ಅದೇ ದಾರಿ ಹಿಡಿಯುತ್ತದೆ.

ಟೈರ್‌ನ ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ (ಸವೆತದ ಸೂಚಕ) ಎಂಬ ಅಕ್ಷರಗಳಿರುತ್ತವೆ. ಅಲ್ಲಿಂದ ನೇರವಾಗಿ ಗೆರೆಯೊಳಗೆ ನೋಡಿದರೆ ತಳದಲ್ಲಿ ಸಣ್ಣ ರಬ್ಬರ್ ದಿಂಡು ಕಾಣುತ್ತದೆ. ಸ್ಕೂಟರ್ ಟೈರ್‌ಗಳಲ್ಲಿ ಅದರ ಎತ್ತರ ಸಾಮಾನ್ಯವಾಗಿ 0.8 ಮಿಲಿಮೀಟರ್. ಟೈರ್‌ನ ಮೇಲ್ಮೈ ಆ ದಿಂಡಿನ ಮಟ್ಟಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು ಎಂದರ್ಥ. ಕೆಲವು ದೇಶಗಳ ಕಾನೂನು ಇದಕ್ಕಿಂತ ಬಿಗಿ. ಬ್ರಿಟನ್‌ನಲ್ಲಿ ಮೋಟಾರ್‌ಸೈಕಲ್ ವರ್ಗದ ವಾಹನಗಳಿಗೆ 1 ಮಿಲಿಮೀಟರ್ ಆಳವಾದರೂ ಉಳಿದಿರಬೇಕು. ನನ್ನನ್ನು ಕೇಳಿದರೆ, ಮಳೆಯಲ್ಲಿ ಓಡಾಡುವವರು ದಿಂಡು ತಲುಪುವವರೆಗೆ ಕಾಯಲೇಬಾರದು. ನೀರನ್ನು ಹೊರಗೆ ತಳ್ಳುವ ಶಕ್ತಿ ಅದಕ್ಕೂ ಬಹಳ ಮೊದಲೇ ಕುಗ್ಗಿರುತ್ತದೆ.

ಮುಂದಿನ ಟೈರ್‌ನದು ಬೇರೆಯೇ ಕಥೆ. ಗೆರೆಗಳು ಸಾಕಷ್ಟು ಆಳವಾಗಿದ್ದವು. ದೂರದಿಂದ ನೋಡಿದವರು ಇದನ್ನು ಏಕೆ ಬದಲಿಸಬೇಕು ಎಂದೇ ಕೇಳುತ್ತಿದ್ದರು. ಅಂಗೈಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು. ಎದುರು ದಿಕ್ಕಿಗೆ ಸವರಿದರೆ ಗೆರೆಗಳ ನಡುವಿನ ಪ್ರತಿ ರಬ್ಬರ್ ಕಟ್ಟಿನ ಅಂಚೂ ಕೈಗೆ ತಗಲುತ್ತಿತ್ತು. ಇದು ಬ್ರೇಕ್ ಮಾಡಿದ ಕೆಲಸ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಪ್ರತಿ ಕಟ್ಟೂ ಒಂದೇ ದಿಕ್ಕಿಗೆ ಎಳೆಸಿಕೊಂಡು ಓರೆಯಾಗಿ ಸವೆಯುತ್ತದೆ. ಅದೂ ಸರಿ ಎನ್ನೋಣ. ಗೆರೆಗಳನ್ನು ಹೆಬ್ಬೆರಳಿನಿಂದ ಅಗಲಿಸಿ ತಳ ನೋಡಿದಾಗ ಕೂದಲೆಳೆಯಂಥ ಬಿರುಕುಗಳು ಉದ್ದಕ್ಕೂ ಹಬ್ಬಿದ್ದವು.

ಬಿರುಕು ಕಂಡ ಮೇಲೆ ಹುಡುಕಬೇಕಾದದ್ದು ತಯಾರಾದ ದಿನಾಂಕ. ಟೈರ್‌ನ ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ರಬ್ಬರ್‌ಗೆ ವಾತಾವರಣದ ಓಝೋನ್ ಶತ್ರು. ಅದನ್ನು ತಡೆಯಲೆಂದೇ ರಬ್ಬರ್‌ನಲ್ಲಿ ಮೇಣದಂಥ ಪದಾರ್ಥವನ್ನು ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರ್ ಬಾಗುತ್ತಿದ್ದರೆ ಅದು ಮೇಲ್ಮೈಗೆ ಬಂದು ರಕ್ಷಣೆ ಕೊಡುತ್ತದೆ. ನಿಂತಲ್ಲೇ ನಿಂತ ಸ್ಕೂಟರ್‌ನ ಟೈರ್, ದಿನಾ ಓಡುವ ಸ್ಕೂಟರ್‌ನದಕ್ಕಿಂತ ಮೊದಲು ಬಿರಿಯುವುದು ಇದರಿಂದಲೇ. 5 ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು, 10 ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಎಸೆಯಬೇಕು ಎಂದು ಹಲವು ತಯಾರಕರು ಹೇಳುತ್ತಾರೆ. ಹೊಸ ಟೈರ್ ಕೊಳ್ಳುವಾಗಲೂ ಈ ಅಂಕಿಯನ್ನು ನೋಡಿಯೇ ಹಣ ಕೊಡಬೇಕು. ಗೋದಾಮಿನ ಮೂಲೆಯಲ್ಲಿ ಮೂರು ವರ್ಷ ಕಳೆದದ್ದನ್ನು ಹೊಸದು ಎಂದು ಒಪ್ಪಿಕೊಳ್ಳಲು ನನಗಂತೂ ಮನಸ್ಸಿಲ್ಲ.

ಇಷ್ಟು ನೋಡುವಷ್ಟರಲ್ಲಿ ನನಗೆ ಬೇಕಾದದ್ದು ಒಂದು ಜೋಡಿ ಅಲ್ಲ, ಬೇರೆ ಬೇರೆ ಗುಣದ ಎರಡು ಟೈರ್‌ಗಳು ಎಂಬುದು ಸ್ಪಷ್ಟವಾಗಿತ್ತು. ಹಿಂದಿನದು ಸವೆದು ಮುಗಿಯುತ್ತದೆ. ಮುಂದಿನದು ಸವೆಯುವ ಮೊದಲೇ ಮುದಿಯಾಗುತ್ತದೆ. ಹಿಂದಕ್ಕೆ ಬಾಳಿಕೆ ಮುಖ್ಯ, ಮುಂದಕ್ಕೆ ಹಿಡಿತ.

ರಬ್ಬರ್ ಮಿಶ್ರಣ ಮೃದುವಾದಷ್ಟೂ ಟೈರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ಗಟ್ಟಿಯಾದದ್ದು ದೀರ್ಘಕಾಲ ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಸಡಿಲ. ಸಿಲಿಕಾ ಬೆರೆಸಿದ ಮಿಶ್ರಣಗಳು ಒದ್ದೆಯಲ್ಲಿ ಹಿಡಿತ ಕೊಡುತ್ತಲೇ ಉರುಳುವಿಕೆಯ ಪ್ರತಿರೋಧವನ್ನೂ ತಗ್ಗಿಸುತ್ತವೆ; ಬ್ಯಾಟರಿ ಸ್ಕೂಟರ್ ಇರುವವರಿಗೆ ಒಂದು ಚಾರ್ಜಿನಲ್ಲಿ ಹೋಗುವ ದೂರದಲ್ಲಿ ಇದರ ವ್ಯತ್ಯಾಸ ಗೊತ್ತಾಗುತ್ತದೆ. ಮುಂದಿನ ಟೈರ್ ಹೇಗೂ ನಿಧಾನವಾಗಿ ಸವೆಯುವುದರಿಂದ ಅಲ್ಲಿ ಮೃದುವಾದದ್ದನ್ನು ಹಾಕಿದರೆ ನಷ್ಟವೇನೂ ಇಲ್ಲ. ಬ್ರೇಕ್ ಹಿಡಿದಾಗ ಸ್ಕೂಟರನ್ನು ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಅದರದ್ದೇ. ಮುಂದಿನ ಟೈರ್ ಜಾರಿದರೆ ಸಾವರಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ, ಬಿರುಕು ಬಿಟ್ಟ ಮುಂದಿನದನ್ನು ಹಾಗೇ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಗೆರೆಗಳ ವಿನ್ಯಾಸ ನೋಡಿ ಮರುಳಾಗುವುದು ಸುಲಭ. ಆಳವಾದ, ಒಂದಕ್ಕೊಂದು ದೂರವಿರುವ ಕಟ್ಟುಗಳು ಮಣ್ಣಿನ ದಾರಿಗೆ ಒಳ್ಳೆಯವು. ಡಾಂಬರಿನ ಮೇಲೆ ಅವು ಗುಂಯ್‌ಗುಡುತ್ತವೆ, ನೆಲಕ್ಕೆ ತಾಗುವ ರಬ್ಬರೂ ಕಡಿಮೆ. ನಾನು ಹಿಂದಕ್ಕೆ ನಡುವೆ ಹೆಚ್ಚು ರಬ್ಬರ್ ಇರುವ, ಓರೆ ಗೆರೆಗಳು ಬದಿಗೆ ಸಾಗುವ ವಿನ್ಯಾಸ ಆರಿಸಿಕೊಂಡೆ. ಮುಂದಕ್ಕೆ ನೀರನ್ನು ಹೊರಹಾಕುವ ಉದ್ದ ಗೆರೆಗಳಿರುವುದನ್ನು. ಉಗುರು ಒತ್ತಿ ಮೆದುವೋ ಗಟ್ಟಿಯೋ ಎಂದು ನೋಡುವ ಅಭ್ಯಾಸ ಹಲವರಿಗಿದೆ. ತಣ್ಣಗಿರುವ ಟೈರ್ ಒಂದು ಉತ್ತರ ಕೊಡುತ್ತದೆ, ಬಿಸಿಲಿನಲ್ಲಿಟ್ಟ ಅದೇ ಟೈರ್ ಇನ್ನೊಂದು. ತಯಾರಕರು ಅದನ್ನು ಯಾವ ಬಳಕೆಗೆ ಮಾಡಿದ್ದಾರೆ ಎಂದು ಓದಿಕೊಳ್ಳುವುದೇ ಮೇಲು.

ಇನ್ನು ಅಳತೆ. ನನ್ನ ಎರಡೂ ಚಕ್ರಗಳ ಟೈರ್‌ಗಳ ಮೇಲೆ ಇದ್ದದ್ದು 90/100-10 53ಜೆ. 90 ಎಂದರೆ ಮಿಲಿಮೀಟರ್‌ಗಳಲ್ಲಿ ಅಗಲ. 100 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ 100ರಷ್ಟು. 10 ಎಂಬುದು ರಿಮ್‌ನ ವ್ಯಾಸ, ಇಂಚುಗಳಲ್ಲಿ. ನಡುವಿನ ಅಡ್ಡಗೆರೆ ಇದು ರೇಡಿಯಲ್ (ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗುವ ಬಗೆ) ಅಲ್ಲ ಎನ್ನುತ್ತದೆ. ಆಗಿದ್ದರೆ ಅಲ್ಲಿ ‘ಆರ್’ ಇರುತ್ತಿತ್ತು. 53 ಎಂಬುದು ಕಿಲೋ ಅಲ್ಲ, ಭಾರದ ಸಂಕೇತ; ಅದು 206 ಕಿಲೋಗೆ ಸಮ. ಜೆ ಎಂದರೆ ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿ.

ಭಾರದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿದೆ. ಸ್ಕೂಟರ್ 110 ಕಿಲೋ, ಇಬ್ಬರು ಸೇರಿ 140, ಒಟ್ಟು 250. ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಂದಕ್ಕೆ ಬೀಳುತ್ತದೆ ಎಂದು ಹಿಡಿದರೆ ಸುಮಾರು 167 ಕಿಲೋ. 206ರ ಒಳಗೇ ಇದೆ, ಡಿಕ್ಕಿಯಲ್ಲಿ ಒಂದಿಷ್ಟು ಸಾಮಾನು ತುಂಬಿದರೂ ಮೀರುವುದಿಲ್ಲ. ಅಂಗಡಿಯಲ್ಲಿ ಮೊದಲು ತೋರಿಸಿದ ಟೈರ್‌ನ ಮೇಲೆ 51 ಎಂದಿತ್ತು, ಅಂದರೆ 195 ಕಿಲೋ. ನನ್ನ ಲೆಕ್ಕಕ್ಕೆ ಅದೂ ಸಾಲುತ್ತಿತ್ತು. ಆದರೂ ಬೇಡವೆಂದೆ. ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿನ ಸಂಕೇತ ಹಾಕಬಹುದು, ಕಡಿಮೆಯದನ್ನು ಹಾಕಬಾರದು. ಗುಂಡಿಗೆ ಬಿದ್ದಾಗ ಟೈರ್ ಮೇಲೆ ಬೀಳುವ ಪೆಟ್ಟು ನನ್ನ ಕಾಗದದ ಲೆಕ್ಕದಲ್ಲಿ ಇರಲಿಲ್ಲ.

ಟೈರ್ ಹಾಕುವವರು ಕೇಳಿದ್ದು ಇನ್ನೊಂದು: “ಸರ್, ಹಿಂದಕ್ಕೆ ಸ್ವಲ್ಪ ದಪ್ಪ ಟೈರ್ ಹಾಕೋಣವೇ? ನೋಡಲೂ ಚೆನ್ನಾಗಿರುತ್ತದೆ.” ಅವರು ಮುಂದಿಟ್ಟದ್ದು 100/90-10. ಸಲಹೆ ತೀರಾ ತಪ್ಪೇನಲ್ಲ. ಎರಡರ ವ್ಯಾಸವೂ ಒಂದೇ ಬರುತ್ತದೆ: 10 ಇಂಚಿನ ರಿಮ್ 254 ಮಿಲಿಮೀಟರ್, ಮೇಲೂ ಕೆಳಗೂ 90 ಮಿಲಿಮೀಟರ್ ಪಕ್ಕೆ ಸೇರಿ 434. ಅದರ ಬದಲು 90/90-10 ಹಾಕಿದ್ದರೆ ವ್ಯಾಸ 416ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಶೇಕಡಾ 4ರಷ್ಟು ಕಡಿಮೆ. ಮುಂದಿನ ಚಕ್ರದಿಂದ ಸ್ಪೀಡೋಮೀಟರ್ ನಡೆಯುವ ಸ್ಕೂಟರ್‌ಗಳಲ್ಲಿ ಅಂಥದ್ದನ್ನು ಮುಂದಕ್ಕೆ ಹಾಕಿದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. 100/90ರಲ್ಲಿ ಆ ತೊಂದರೆ ಇಲ್ಲ. ಆದರೆ ಪ್ರತಿ ಬದಿಗೂ 5 ಮಿಲಿಮೀಟರ್ ಹೆಚ್ಚುತ್ತದೆ. ಚಕ್ರದ ಎಡಕ್ಕೆ ಗೇರ್ ಬೆಲ್ಟ್‌ನ ಪೆಟ್ಟಿಗೆ, ಬಲಕ್ಕೆ ಸೈಲೆನ್ಸರ್. ಎಡಬದಿಯ ಸಂದಿಯಲ್ಲಿ ನನ್ನ ಕಿರುಬೆರಳು ಕಷ್ಟದಿಂದ ತೂರಿತು. ಕೆಸರು ಮೆತ್ತಿಕೊಂಡರೆ ಆ ಜಾಗ ಇನ್ನೂ ಕಿರಿದು. ಮೇಲಾಗಿ ಕಿರಿದಾದ ರಿಮ್‌ಗೆ ಅಗಲದ ಟೈರ್ ಹಾಕಿದರೆ ಬುಡ ಹಿಸುಕಿದಂತಾಗಿ ನೆತ್ತಿ ಉಬ್ಬುತ್ತದೆ. ಕಾಣುವಷ್ಟು ಅಗಲ ನೆಲಕ್ಕೆ ತಾಗುವುದಿಲ್ಲ. ಮೂಲ ಅಳತೆಯಲ್ಲೇ ಉಳಿದೆ.

ಟ್ಯೂಬ್ ಬೇಕೇ ಬೇಡವೇ ಎಂಬ ಚರ್ಚೆ ನನ್ನ ಮಟ್ಟಿಗೆ ಚಿಕ್ಕದು. ಟೈರ್ ಮೇಲೆ ‘ಟ್ಯೂಬ್‌ಲೆಸ್’ ಎಂದು ಬರೆದಿದ್ದರೆ ಸಾಲದು, ರಿಮ್ ಕೂಡ ಅದಕ್ಕೆ ತಕ್ಕದಾಗಿರಬೇಕು. ಎರಡು ತಟ್ಟೆಗಳನ್ನು ಬೋಲ್ಟ್‌ನಿಂದ ಕೂಡಿಸಿದ ಹಳೆಯ ಮಾದರಿಯ ರಿಮ್‌ಗಳಲ್ಲಿ ಕೂಡಿದ ಜಾಗದಿಂದಲೇ ಗಾಳಿ ಸೋರುತ್ತದೆ. ಅವುಗಳಿಗೆ ಟ್ಯೂಬ್ ಬೇಕೇ ಬೇಕು. ನನ್ನದು ಟ್ಯೂಬ್‌ಲೆಸ್ ರಿಮ್. ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಟ್ಯೂಬ್‌ನಂತೆ ಒಮ್ಮೆಲೇ ಕೈಕೊಡುವುದಿಲ್ಲ. ಮೊಳೆ ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ಪಂಕ್ಚರ್ ಹಾಕಿಸಬಹುದು, ಪಕ್ಕೆಗೆ ಚುಚ್ಚಿದ್ದರೆ ಟೈರನ್ನೇ ಬದಲಿಸಬೇಕು.

ಹಾಕಿಸುವಾಗ ಪಕ್ಕದಲ್ಲೇ ನಿಂತೆ. ಹಳೆಯ ಟೈರ್ ಬಿಚ್ಚಿದ ಮೇಲೆ ರಿಮ್‌ನ ಅಂಚಿನಲ್ಲಿ, ಟೈರ್ ಕೂರುವ ಜಾಗದಲ್ಲಿ, ಹಳೆಯ ರಬ್ಬರ್‌ನ ಕಪ್ಪು ಪದರವೂ ಅಲ್ಲಲ್ಲಿ ತುಕ್ಕಿನ ಗುಳ್ಳೆಗಳೂ ಇದ್ದವು. ಅದರ ಮೇಲೇ ಹೊಸದನ್ನು ಕೂರಿಸಿದರೆ ಗಾಳಿ ಸದ್ದಿಲ್ಲದೆ ಸೋರುತ್ತಲೇ ಇರುತ್ತದೆ. ತಂತಿಯ ಬ್ರಷ್‌ನಿಂದ ಉಜ್ಜಿಸಿದೆ. ವಾಲ್ವನ್ನು ಬೆರಳಿನಿಂದ ಬಗ್ಗಿಸಿ ನೋಡಿದರೆ ಬುಡದಲ್ಲಿ ರಬ್ಬರ್ ಸೀಳಿತ್ತು, ಎರಡೂ ಚಕ್ರಗಳ ವಾಲ್ವ್‌ಗಳನ್ನು ಬದಲಿಸಿದ್ದಾಯಿತು. ಟೈರ್ ಬದಲಿಸಿ ವಾಲ್ವ್ ಹಳೆಯದನ್ನೇ ಉಳಿಸುವುದರಲ್ಲಿ ಅರ್ಥವಿಲ್ಲ.

ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಟೈರ್‌ನ ಮೇಲೆ ಒಂದು ಬಣ್ಣದ ಚುಕ್ಕೆ ಇತ್ತು, ಹಗುರವಾದ ಭಾಗದ ಗುರುತು. ಅದನ್ನು ವಾಲ್ವ್‌ನ ಪಕ್ಕಕ್ಕೆ ತಂದು ಕೂರಿಸಿದರು. ಸೋಪಿನ ನೀರು ಸವರಿ ಗಾಳಿ ತುಂಬಿದಾಗ ಒಂದು ಬದಿ ‘ಟಪ್’ ಎಂದಿತು, ಸ್ವಲ್ಪ ತಡೆದು ಇನ್ನೊಂದು ಬದಿಯೂ. ರಿಮ್‌ನ ಅಂಚಿಗೆ ಹೊಂದಿಕೊಂಡು ಟೈರ್ ಮೇಲೆ ಒಂದು ತೆಳು ಗೆರೆ ಸುತ್ತುವರಿದಿರುತ್ತದೆ. ಚಕ್ರ ತಿರುಗಿಸಿ, ಆ ಗೆರೆ ರಿಮ್‌ನಿಂದ ಎಲ್ಲ ಕಡೆಯೂ ಸಮಾನ ದೂರದಲ್ಲಿದೆಯೇ ಎಂದು ನೋಡಿದೆ. ಒಂದು ಕಡೆ ಒಳಗೆ ಸರಿದಿತ್ತು. ಗಾಳಿ ಇಳಿಸಿ, ಮತ್ತೆ ಸೋಪಿನ ನೀರು ಹಾಕಿ ಕೂರಿಸಿದರು. ಟೈರ್ ಮೇಲೆ ಬರೆದ ಮಿತಿ ಮೀರಿ ಗಾಳಿ ತುಂಬಿ ಜಬರದಸ್ತಿಯಿಂದ ಕೂರಿಸಲು ಹೋಗುವವರೂ ಇದ್ದಾರೆ. ಅದು ಅಪಾಯ, ತಡೆಯಬೇಕು.

ಗಾಳಿ ಎಷ್ಟಿರಬೇಕು ಎಂಬುದಕ್ಕೆ ಸ್ಕೂಟರ್‌ನ ಮೇಲಿನ ಚೀಟಿಯೇ ಪ್ರಮಾಣ. ಟೈರ್‌ನ ಪಕ್ಕೆಯಲ್ಲಿರುವುದು ಗರಿಷ್ಠ ಮಿತಿ, ಶಿಫಾರಸು ಅಲ್ಲ. ನನ್ನ ಸ್ಕೂಟರ್‌ಗೆ ಮುಂದೆ 22 ಪಿಎಸ್‌ಐ, ಹಿಂದೆ 29, ಹಿಂದೆ ಒಬ್ಬರು ಕುಳಿತರೆ 36. ಅಳೆಯುವುದು ಟೈರ್ ತಣ್ಣಗಿರುವಾಗ. ಓಡಿಸಿ ಬಂದ ಕೂಡಲೇ ಅಳೆದರೆ ಹೆಚ್ಚು ತೋರಿಸುತ್ತದೆ, ಇಳಿಸಿದರೆ ಮರುದಿನ ಕಡಿಮೆ.

ಹೊಸ ಟೈರ್‌ನ ಹೊಳೆಯುವ ಮೇಲ್ಮೈ ಜಾರುತ್ತದೆ. ಮೊದಲ 150 ಕಿಲೋಮೀಟರ್‌ಗಳಷ್ಟು ದೂರ ಗಟ್ಟಿಯಾಗಿ ಬ್ರೇಕ್ ಹಿಡಿಯದೆ, ತಿರುವುಗಳಲ್ಲಿ ಹೆಚ್ಚು ವಾಲದೆ ಓಡಿಸಿದೆ. ಚಪ್ಪಟೆ ಟೈರ್‌ಗೆ ಒಗ್ಗಿದ ಕೈಗೆ ದುಂಡಗಿನ ಟೈರ್ ವಿಚಿತ್ರವೆನಿಸುತ್ತದೆ: ತಿರುವಿನಲ್ಲಿ ಸ್ಕೂಟರ್ ನಾನು ಕೇಳುವ ಮೊದಲೇ ವಾಲಿತು. ಇಷ್ಟು ದಿನ ತಿರುವಿಗೆ ಎಷ್ಟು ಬಲ ಹಾಕುತ್ತಿದ್ದೆನೋ ಅಷ್ಟೇ ಹಾಕಿದರೆ ಈಗ ಹೆಚ್ಚಾಗುತ್ತದೆ.

ವಾರದ ಬಳಿಕ ಬೆಳಿಗ್ಗೆ ಅಳೆದಾಗ ಮುಂದಿನದು ಇದ್ದಂತೆಯೇ ಇತ್ತು, ಹಿಂದಿನದರಲ್ಲಿ 3 ಪಿಎಸ್‌ಐ ಇಳಿದಿತ್ತು. ರಿಮ್‌ನ ಸುತ್ತ ಸೋಪಿನ ನೀರು ಸುರಿದೆ, ಗುಳ್ಳೆ ಬರಲಿಲ್ಲ. ವಾಲ್ವ್‌ನ ಬಾಯಿಗೆ ಒಂದು ಹನಿ ಬಿಟ್ಟಾಗ ಸಾಸಿವೆಯಷ್ಟು ಗುಳ್ಳೆ ಮೆಲ್ಲನೆ ಉಬ್ಬಿತು. ಒಳಗಿನ ಪಿನ್ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿ, ಲೋಹದ ಮುಚ್ಚಳ ಹಾಕಿ, ಗಾಳಿ ಮತ್ತೆ 29ಕ್ಕೆ ತಂದೆ. ಆಮೇಲೆ ಅಳೆದಾಗಲೂ ಅಲ್ಲಿಯೇ ನಿಂತಿತ್ತು.