ಬದುವಿಗೂ ಕೋಡಿ ಬೇಕು

ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ನೀರು-ಮಣ್ಣಿನ ಕೆಲಸಕ್ಕೆ ಹೋದಾಗ ರೈತರು ಮೊದಲು ಕೇಳಿದ್ದು, 'ಸರ್, ಬೋರ್ ಪಾಯಿಂಟ್ ತೋರಿಸ್ತೀರಾ?' ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಪಾಯಿಂಟ್ ನೋಡುವವರು ಆ ಊರಿಗೆ ಎಷ್ಟೋ ಜನ ಬಂದುಹೋಗಿದ್ದರು. ನನ್ನ ಕೈಲಿದ್ದದ್ದು ಗಾರೆಯವರ ಲೆವೆಲ್ ಪೈಪ್. ನಕ್ಕರು.

ಕೊನೆಗೆ ಒಂದು ಲೆಕ್ಕ ಹೇಳಿದೆ. 25 ಮಿ.ಮೀ. ಮಳೆ ಬಂದರೆ ಒಂದು ಎಕರೆ ಮೇಲೆ ಸುಮಾರು 1 ಲಕ್ಷ ಲೀಟರ್ ನೀರು ಬಿದ್ದ ಹಾಗೆ. ಅಂದ್ರೆ 5,000 ಲೀಟರಿನ 20 ಟ್ಯಾಂಕರ್. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್‌ಗೆ ಕಾದವರು ಸುಮ್ಮನಾದರು. ಆ ನೀರನ್ನು ಹೊಲದಲ್ಲೇ ತಡೆಯೋಕೆ ಬದು ಹಾಕೋಣ ಅಂದೆ.

ಮೊದಲ ವರ್ಷ ನಾನೇ ಎಡವಿದೆ. ಒಂದೇ ಮಟ್ಟದ ಗೆರೆ ಹಿಡಿದು ಬದು ಹಾಕಿದರೆ ಅದು ಹೊಲದ ಮಧ್ಯೆ ಬರುತ್ತೆ, ಟ್ರ್ಯಾಕ್ಟರ್ ತಿರುಗಲ್ಲ ಅಂತ ಹಠ ಹಿಡಿದರು. ಸರಿ, ಹೊಲದ ಗಡಿ ಗುಂಟವೇ ಹಾಕೋಣ ಅಂತ ಒಪ್ಪಿಬಿಟ್ಟೆ. ಹೆಚ್ಚಾದ ನೀರಿಗೆ ದಾರಿ ಬಿಡುವುದನ್ನೂ ಮರೆತೆ. ಒಂದು ರಾತ್ರಿ ಜೋರು ಮಳೆ. ತಗ್ಗಿನ ಮೂಲೆಯಲ್ಲಿ ಬದು ಕಿತ್ತುಹೋಗಿ, ಕೆಳಗಿನ ಹೊಲದ ಶೇಂಗಾ ಮೇಲೆಲ್ಲ ಮರಳು. ಆ ಹೊಲದ ಅಜ್ಜ ಬೈಯಲಿಲ್ಲ. 'ಏನಪ್ಪಾ, ಕೆರೆಗೆ ಕೋಡಿ ಇರುತ್ತಲ್ವಾ, ಬದುವಿಗೆ ಬೇಡ್ವಾ?' ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮರುವರ್ಷ ದಿಣ್ಣೆಯಿಂದ ಕೆಳಕ್ಕೆ ಬಂದೆವು. ಎರಡು ಕೋಲು, ನಡುವೆ ಪೈಪ್. ಎರಡೂ ಕಡೆ ನೀರು ಒಂದೇ ಗುರುತಿಗೆ ನಿಂತ ಕಡೆ ಸುಣ್ಣದ ಪುಡಿ. ಅಗೆಯುವ ಕೂಲಿ ನರೇಗಾದಿಂದ ಬಂತು. ಕಷ್ಟ ಇದ್ದದ್ದು ಕೋಡಿಯಲ್ಲಿ. ಅದು ಯಾರ ಹೊಲಕ್ಕೆ ತೆರೆಯಬೇಕು ಅನ್ನೋದೇ ಜಗಳ. ಅಜ್ಜನ ಜಗಲಿ ಮೇಲೆ ಕೂತು ನಾಲ್ಕು ಸಂಜೆ ಮಾತಾಡಿದ ಮೇಲೆ ಕೋಡಿಗೆ ಕಲ್ಲು ಜೋಡಿಸಿದೆವು.

ಬದುವಿನ ಮೇಲೆ ಸೊಪ್ಪಿನ ಗೊಬ್ಬರಕ್ಕೆ ಅಂತ ನೆಟ್ಟ ಗ್ಲಿರಿಸಿಡಿಯಾ ಗಿಡ ಮೇಕೆಗಳ ಪಾಲಾಯಿತು, ಹೊಂಗೆ ಉಳಿಯಿತು. ಬರೀ ಶೇಂಗಾ ಬಿತ್ತುತ್ತಿದ್ದವರನ್ನು ಎಂಟು ಸಾಲಿಗೊಂದು ಸಾಲು ತೊಗರಿಗೆ ಒಪ್ಪಿಸಿದೆವು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ಶೇಂಗಾ ಬಾಡಿದಾಗ, ಬೇರು ಆಳಕ್ಕಿಳಿದ ತೊಗರಿ ಹಿಂಗಾರು ಮಳೆವರೆಗೂ ತಾಳಿತು.

ಕೃಷಿ ಹೊಂಡ ಮಾಡಿಸಿಕೊಂಡವರೂ ಇದ್ದರು. ನೀರು ಕಂಡರೆ ಟೊಮೆಟೊ ಹಾಕುವ ಆಸೆ! ಶೇಂಗಾ ಕಾಯಿ ಕಟ್ಟುವಾಗ ಒಂದು ಸಲ ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಿ, ಮಿಕ್ಕಿದ್ದು ಆಮೇಲೆ ನೋಡೋಣ ಅಂತಿದ್ದೆ. ಅರ್ಧ ಜನ ಕೇಳಿದರು.

ಒಬ್ಬರು ಮಾತ್ರ ಇವತ್ತಿಗೂ ತಮ್ಮ ಬದುವಿಗೆ ಕೋಡಿ ಇಟ್ಟಿಲ್ಲ. ಜೋರು ಮಳೆಯ ಮರುದಿನ ಸನಿಕೆ ಹಿಡಿದು, ಬದು ಕಿತ್ತುಹೋದ ಅದೇ ಮೂಲೆಯಲ್ಲಿ ಸಿಗುತ್ತಾರೆ.