ಮೈಕ್ ಆಮೇಲೆ, ಮೊದಲು ಕೋಣೆ
ಮನೆಯಲ್ಲೇ ಹಾಡು ಧ್ವನಿಮುದ್ರಿಸುವುದು ಹೇಗೆ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಎಂದುಕೊಂಡವರು ಆನ್‌ಲೈನ್ ಸಂಗೀತ ಬಳಗದಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವ ಮೈಕ್ ತಗೊಳ್ಳಲಿ?’ ಕೇಳಿದ್ದೇ ತಡ, ಉತ್ತರಗಳು ಬಂದು ಬೀಳುತ್ತವೆ. ಒಬ್ಬರು ಕಂಡೆನ್ಸರ್ ಎನ್ನುತ್ತಾರೆ, ಇನ್ನೊಬ್ಬರು ಡೈನಾಮಿಕ್ ಎನ್ನುತ್ತಾರೆ, ಮೂರನೆಯವರು ಇಬ್ಬರ ಕಾಲನ್ನೂ ಎಳೆಯುತ್ತಾರೆ. ರಾತ್ರಿ ಹನ್ನೊಂದಾದರೂ ಚರ್ಚೆ ಮುಗಿಯುವುದಿಲ್ಲ. ಆ ಹರಟೆ ನನಗೂ ಇಷ್ಟ. ಆದರೆ ಹೊಸಬರಿಗೆ ಬೇಕಾದ ಮುಖ್ಯ ಮಾತು ಅದರಲ್ಲಿ ಕಳೆದುಹೋಗುತ್ತದೆ. ಮನೆಯ ರೆಕಾರ್ಡಿಂಗ್ ಕೆಡುವುದು ಬಹಳ ಸಲ ಮೈಕಿನಿಂದಲ್ಲ, ಕೋಣೆಯಿಂದ. ದುಡ್ಡು ಬಿಚ್ಚುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು, ಅದಕ್ಕೆಲ್ಲ ಖರ್ಚೂ ಇಲ್ಲ.

ತಂಬೂರಿ ಶ್ರುತಿ ಇಟ್ಟುಕೊಂಡು ಕೀರ್ತನೆ, ವಚನ, ದೇವರನಾಮ, ಭಾವಗೀತೆ ಹಾಡುವ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ವಾದ್ಯ ನುಡಿಸುವವರಿಗೂ ಬಹುಪಾಲು ಇದೇ ಅನ್ವಯ.

ಚಪ್ಪಾಳೆ ತಟ್ಟಿ ಕೋಣೆ ಆರಿಸಿ

ಮನೆಯ ಪ್ರತಿ ಕೋಣೆಯಲ್ಲೂ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ‘ಟಪ್’ ಎಂದು ಅಲ್ಲೇ ನಿಂತರೆ ಕೋಣೆ ಒಳ್ಳೆಯದು. ‘ಟಣ್‌ಣ್‌ಣ್’ ಎಂದು ಎಳೆದರೆ ಅಲ್ಲಿ ಹಾಡಬೇಡಿ. ನಮ್ಮ ಹಾಲ್‌ಗಳಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗೆ ನುಣುಪಾದ ಪ್ಲಾಸ್ಟರ್, ಕಿಟಕಿಗೆ ಗಾಜು, ಮೇಲೆ ಆರ್‌ಸಿಸಿ. ಎಲ್ಲವೂ ಸದ್ದನ್ನು ವಾಪಸ್ ಎಸೆಯುವಂಥವೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದೂವರೆ ಮೀಟರ್ ಆಚೆಯ ಗೋಡೆಗೆ ಬಡಿದ ನಿಮ್ಮ ದನಿ 9 ಮಿಲಿಸೆಕೆಂಡಿನೊಳಗೆ ಹಿಂದಿರುಗುತ್ತದೆ. ಇಷ್ಟು ಬೇಗ ಬಂದದ್ದನ್ನು ಕಿವಿ ಬೇರೆ ಪ್ರತಿಧ್ವನಿಯೆಂದು ಗುರುತಿಸುವುದಿಲ್ಲ. ಅದು ಮೂಲ ದನಿಯೊಳಗೇ ಬೆರೆತು ಕಂಠವನ್ನು ಟೊಳ್ಳಾಗಿಸುತ್ತದೆ. ಹೀಗೆ ಒಮ್ಮೆ ಬೆರೆತದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬಿಡಿಸಿಕೊಡಲಾರದು. ಒಣಗಿದಂತಿರುವ ದನಿಗೆ ಆಮೇಲೆ ಅನುರಣನ (ರಿವರ್ಬ್, ಕೋಣೆಯಲ್ಲಿ ದನಿ ಉಳಿದು ಕೇಳುವ ಗುಂಗು) ಸೇರಿಸುವುದು ಮಾತ್ರ ಒಂದು ಗುಂಡಿಯ ಕೆಲಸ. ಆದ್ದರಿಂದ ಬಚ್ಚಲುಮನೆಯಲ್ಲಿ ಕಂಠ ತುಂಬಿ ಕೇಳುತ್ತದೆಂದು ಅಲ್ಲಿಗೆ ಮೈಕ್ ಒಯ್ಯಬೇಡಿ.

ಸಾಮಾನ್ಯವಾಗಿ ಗೆಲ್ಲುವುದು ಮಲಗುವ ಕೋಣೆ. ಹತ್ತಿ ಹಾಸಿಗೆ, ದಿಂಬು, ಪರದೆ, ಬಟ್ಟೆ ತುಂಬಿದ ಬೀರು ಎಲ್ಲವೂ ಸದ್ದನ್ನು ಹೀರಿಕೊಳ್ಳುತ್ತವೆ. ಇಲ್ಲಿ ಹೆಚ್ಚಿನವರು ತಪ್ಪುವ ಒಂದು ಅಂಶವಿದೆ. ಹಾಡುವವರು ಕೊಳ್ಳುವ ಬಹುತೇಕ ಮೈಕುಗಳು ಕಾರ್ಡಿಯಾಯ್ಡ್ ಮಾದರಿಯವು: ಎದುರಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತವೆ, ಬೆನ್ನಿನ ಕಡೆಯದನ್ನು ಬಹಳಷ್ಟು ಬಿಟ್ಟುಬಿಡುತ್ತವೆ. ಮೈಕಿನ ಎದುರಿಗೆ ಇರುವುದು ನೀವು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಗಾಗಿ ಮೆತ್ತನೆಯದು ಬೇಕಿರುವುದು ನಿಮ್ಮ ಬೆನ್ನ ಹಿಂದೆ. ಬಟ್ಟೆ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಲ್ಲಿ, ಇಲ್ಲವೇ ಹಗ್ಗ ಕಟ್ಟಿ ಎರಡು ದಪ್ಪ ಕಂಬಳಿಗಳನ್ನು ಇಳಿಬಿಡಿ. ಗೋಡೆಗೂ ಕಂಬಳಿಗೂ ನಡುವೆ ಒಂದು ಗೇಣು ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಕೋಣೆಯ ಮೂಲೆಗೆ ಅಂಟಿಕೊಂಡೂ ನಿಲ್ಲಬೇಡಿ, ಸರಿಯಾಗಿ ನಟ್ಟನಡುವೆಯೂ ಬೇಡ.

ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸುವ ಸಲಹೆಯನ್ನು ನಂಬಬೇಡಿ. ಅಷ್ಟು ತೆಳುವಾದ ರಟ್ಟು ಹೊರಗಿನ ಸದ್ದನ್ನೂ ತಡೆಯುವುದಿಲ್ಲ, ಒಳಗಿನ ಮಂದ್ರದ ಗುಂಯ್‌ಗುಡುವಿಕೆಯನ್ನೂ ಹೀರುವುದಿಲ್ಲ. ಬೆಂಕಿ ತಗುಲಿದರೆ ಅಪಾಯ ಬೇರೆ.

ಮನೆಯನ್ನು ಸುಮ್ಮನಾಗಿಸಿ

ಫ್ಯಾನ್ ಆರಿಸಿ. ಫ್ರಿಜ್ಜನ್ನೂ ಆರಿಸಿ, ಆದರೆ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಹೊರಗೆ ಹೋಗುವಾಗಲಾದರೂ ಮತ್ತೆ ಹಾಕುವುದು ನೆನಪಾಗುತ್ತದೆ. ಯುಪಿಎಸ್, ಹಳೆಯ ಟ್ಯೂಬ್‌ಲೈಟಿನ ಚೋಕು, ನೀರಿನ ಪಂಪು, ಗೋಡೆ ಗಡಿಯಾರ ಎಲ್ಲವನ್ನೂ ಗಮನಿಸಿ. ಫೋನು ಫ್ಲೈಟ್ ಮೋಡಿನಲ್ಲಿರಲಿ. ಈಗ ಏನೂ ಹಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಜೋರಾಗಿಟ್ಟು ಕೇಳಿ. ಇಷ್ಟು ವರ್ಷ ಕಿವಿಗೇ ಬೀಳದ ಸದ್ದುಗಳೆಲ್ಲ ಅಲ್ಲಿ ಸಿಗುತ್ತವೆ. ಈ ಅರ್ಧ ನಿಮಿಷವನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಹೊತ್ತನ್ನು ಆರಿಸುವುದೂ ಮುಖ್ಯ. ಬೆಂಗಳೂರಿನಲ್ಲಿ ಬೆಳಗಿನ ಜಾವ ಒಳ್ಳೆಯದು. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ರಾತ್ರಿ ಕಪ್ಪೆ, ಹಗಲು ಹಂಚಿನ ಮೇಲಿನ ಮಳೆ. ಹೊಳವಾದ ಮಧ್ಯಾಹ್ನಕ್ಕೆ ಕಾಯಬೇಕಾಗುತ್ತದೆ.

ಮೊದಲ ಮೈಕ್ ನಿಮ್ಮ ಕೈಯಲ್ಲೇ ಇದೆ

ಆರಂಭಕ್ಕೆ ಫೋನೇ ಸಾಕು. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ಮಾತ್ರ ಹಾಡಬೇಡಿ. ಅದು ಮಾತಿಗಾಗಿ ಮಾಡಿದ್ದು, ದನಿಯನ್ನು ಬಹಳ ಹಿಂಡಿ ಚಿಕ್ಕದು ಮಾಡುತ್ತದೆ. ದನಿಯನ್ನು ಹಿಂಡದೆ ಇಡುವ ಡಬ್ಲ್ಯುಎವಿ (WAV) ಕಡತ ಉಳಿಸುವ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ‘ಆಟೊ ಗೇನ್’ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ನೀವು ಉಸಿರೆಳೆದುಕೊಳ್ಳುವ ಪ್ರತಿ ವಿರಾಮದಲ್ಲೂ ಫೋನು ತಾನೇ ಮಟ್ಟ ಏರಿಸಿ ಕೋಣೆಯ ಸದ್ದನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳ ಅಂಚಿನಲ್ಲಿರುತ್ತದೆ. ಆ ಅಂಚು ನಿಮ್ಮ ಕಡೆಗಿರಲಿ, ಫೋನು ಕೈಯಲ್ಲಿರದೆ ಸ್ಟ್ಯಾಂಡಿನ ಮೇಲಿರಲಿ.

ಫೋನಿನಲ್ಲಿ ಕೋಣೆ ಸರಿಹೋಯಿತೆಂದು ಕಿವಿಗೆ ಖಾತ್ರಿಯಾದ ಮೇಲೆ ಮೈಕಿನ ಮಾತು. ಯುಎಸ್‌ಬಿ ಮೈಕನ್ನು ನೇರ ಕಂಪ್ಯೂಟರಿಗೆ ಚುಚ್ಚಿದರಾಯಿತು, ಒಬ್ಬರೇ ಹಾಡುವುದಕ್ಕೆ ಸಾಕು. ಮುಂದೆ ತಬಲಾ, ಕೊಳಲನ್ನೂ ಸೇರಿಸುವ ಯೋಚನೆಯಿದ್ದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಯನ್ನು, ಅಂದರೆ ಎರಡು ಒಳಗಂಡಿಯ ಆಡಿಯೊ ಇಂಟರ್‌ಫೇಸ್ ಕೊಂಡು ಅದಕ್ಕೆ ಎಕ್ಸ್‌ಎಲ್‌ಆರ್ ಮೈಕ್ ಜೋಡಿಸಿ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ (ಮೈಕಿನ ತಂತಿಯಲ್ಲೇ ಹರಿದುಬರುವ ವಿದ್ಯುತ್) ಬೇಕು. ಅದು ಉಸಿರಿನ ಎಳೆಯನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ಗದ್ದಲದ ಬೀದಿಯಲ್ಲಿರುವವರಿಗೆ ನನ್ನ ಸಲಹೆ ಡೈನಾಮಿಕ್. ಗುಡಿ, ಪೆಂಡಾಲುಗಳಲ್ಲೆಲ್ಲ ಕಾಣುವ ಶೂರ್ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಅದರ ಬೇಡಿಕೆ ಇಳಿದಿಲ್ಲ. ಬಾಯಿ ಹತ್ತಿರವಿಟ್ಟು ಹಾಡುವ ಮೈಕ್ ಅದು, ಹಾಗಾಗಿ ಕೋಣೆಯ ಸದ್ದು ಕಡಿಮೆ ಬರುತ್ತದೆ.

ಒಂದು ಎಚ್ಚರಿಕೆ. ದಪ್ಪನೆಯ ಕಂಡೆನ್ಸರ್ ಮೈಕುಗಳಲ್ಲಿ ಹಲವಕ್ಕೆ ಹಾಡಬೇಕಾದ್ದು ತುದಿಯಿಂದಲ್ಲ, ಬದಿಯಿಂದ. ಕಂಪನಿಯ ಗುರುತು ಇರುವ ಬದಿಯೇ ಸಾಮಾನ್ಯವಾಗಿ ಅದರ ಮುಖ.

ಒಂದು ಗೇಣು ದೂರ

ಕಂಡೆನ್ಸರ್ ಆದರೆ ಬಾಯಿಂದ ಒಂದು ಗೇಣು ದೂರದಿಂದ ಶುರುಮಾಡಿ. ಡೈನಾಮಿಕ್ ಆದರೆ ನಾಲ್ಕು ಬೆರಳು. ಹತ್ತಿರ ಹೋದಷ್ಟೂ ಕಾರ್ಡಿಯಾಯ್ಡ್ ಮೈಕು ಮಂದ್ರವನ್ನು ಉಬ್ಬಿಸುತ್ತದೆ. ತೆಳು ಕಂಠಕ್ಕೆ ಅದು ಮೈತುಂಬಿಸಿದರೆ, ಗಡಸು ಗಂಡು ದನಿಯಲ್ಲಿ ಸಾಹಿತ್ಯವೇ ಮುಚ್ಚಿಹೋಗುತ್ತದೆ. ದೂರ ಹೋದಷ್ಟೂ ಕೋಣೆ ಒಳಗೆ ಬರುತ್ತದೆ. ಒಂದೇ ಸಾಲನ್ನು ಮೂರು ಬೇರೆ ದೂರಗಳಲ್ಲಿ ಹಾಡಿ ಕೇಳಿ ನೋಡಿ. ಮೈಕ್ ಬದಲಿಸಿದಷ್ಟೇ ವ್ಯತ್ಯಾಸ ಅದರಲ್ಲೇ ಸಿಗುತ್ತದೆ.

ಕನ್ನಡದಲ್ಲಿ ಪ, ಫ, ಬ, ಭ ಬಂದಾಗ ಬಾಯಿಂದ ಗಾಳಿ ನುಗ್ಗಿ ಮೈಕಿಗೆ ‘ಧಬ್’ ಎಂದು ಬಡಿಯುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಮೂಗಿನ ಮಟ್ಟಕ್ಕೆ ಎತ್ತರಿಸಿ, ತುಸು ಓರೆಯಾಗಿ ಕೆಳಗೆ ತಿರುಗಿಸಿ. ಗಾಳಿ ಅದರ ಕೆಳಗಿಂದ ಹಾದುಹೋಗುತ್ತದೆ. ಕಸೂತಿ ಹಾಕುವ ರಿಂಗಿಗೆ ತೆಳು ನೈಲಾನ್ ಕಾಲುಚೀಲ ಬಿಗಿದು ಮೈಕಿಗೂ ಬಾಯಿಗೂ ನಡುವೆ ನಿಲ್ಲಿಸಿದರೆ ಅಂಗಡಿಯ ಪಾಪ್ ಫಿಲ್ಟರಿನ ಕೆಲಸವನ್ನೇ ಮಾಡುತ್ತದೆ. ‘ಪಾಪ, ಫಲ, ಭಾವ, ಶೇಷ’ ಎಂದು ಹೇಳಿ ಪರೀಕ್ಷಿಸಿ.

ಮೃದಂಗಕ್ಕೆ ಒಂದೇ ಮೈಕಿದ್ದರೆ ಎರಡಡಿ ಎದುರಿಗೆ, ಎಡ ಬಲ ಎರಡೂ ಸಮನಾಗಿ ಕೇಳುವ ಜಾಗ ಹುಡುಕಿ. ಕೊಳಲಿಗೆ ಊದುವ ರಂಧ್ರದ ನೇರ ಎದುರು ಬೇಡ, ಬೆರಳಾಡುವ ಕಡೆಗೆ ಸ್ವಲ್ಪ ಮೇಲಿರಲಿ.

ಮಟ್ಟ: ತಾರ ಷಡ್ಜಕ್ಕೆ ತಕ್ಕಂತೆ

ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎನ್ನುವುದೇ ಕೊನೆಯ ಮಿತಿ. ಅದನ್ನು ದಾಟಿದ ದನಿ ಉಕ್ಕಿ ಒಲೆಗೆ ಬಿದ್ದ ಹಾಲು, ವಾಪಸ್ ಬರುವುದಿಲ್ಲ. ಅಲೆಯ ತುದಿ ಕತ್ತರಿಸಿಹೋಗಿ ಕರ್ಕಶವಾದದ್ದು ಹಾಗೇ ಉಳಿಯುತ್ತದೆ. ಹಲವರು ಪಲ್ಲವಿ ಹಾಡಿ ಮಟ್ಟ ಸರಿಮಾಡಿಕೊಳ್ಳುತ್ತಾರೆ. ಅನುಪಲ್ಲವಿಯಲ್ಲಿ ದನಿ ಮೇಲಕ್ಕೇರಿದಾಗ ಕೆಂಪು ದೀಪ ಹತ್ತುತ್ತದೆ. ಹಾಗಾಗಿ ಇಡೀ ಹಾಡಿನಲ್ಲಿ ಅತಿ ಜೋರಾದ ಸಂಗತಿ ಯಾವುದೋ ಅದನ್ನೇ ಪೂರ್ತಿ ಕಂಠದಲ್ಲಿ ಹಾಡಿ, ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 10 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಇಳಿಸಿ. ಮೆಲುದನಿಯ ಸಾಲು ಮೀಟರಿನಲ್ಲಿ ಬಡಕಲಾಗಿ ಕಂಡರೆ ಗಾಬರಿ ಬೇಡ. 24 ಬಿಟ್‌ನಲ್ಲಿ ಮುದ್ರಿಸಿದರೆ ಅದನ್ನು ಆಮೇಲೆ ಧಾರಾಳವಾಗಿ ಏರಿಸಬಹುದು. ಸಿಡಿ ಕಾಲದ 16 ಬಿಟ್‌ನಲ್ಲಿ ಅತಿ ಮೆಲುವಿನಿಂದ ಅತಿ ಜೋರಿನವರೆಗಿನ ವ್ಯಾಪ್ತಿ ಸುಮಾರು 96 ಡೆಸಿಬೆಲ್, 24 ಬಿಟ್‌ನದು ಲೆಕ್ಕದ ಪ್ರಕಾರ 144.

ಉಳಿದ ಆಯ್ಕೆಗಳು ಸರಳ. ಮಾದರಿ ದರ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುವುದು ಎಂಬುದು) 48 ಕಿಲೋಹರ್ಟ್ಸ್, ಒಂದು ಕಂಠಕ್ಕೆ ಮೋನೊ, ಕಡತ ಡಬ್ಲ್ಯುಎವಿ. ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಮುದ್ರಿಸಿ ಕತ್ತರಿಸಲು ಬೇಕಾದ ಸಾಫ್ಟ್‌ವೇರುಗಳಲ್ಲಿ, ಕಂಪ್ಯೂಟರಿಗೆ ಆಡಾಸಿಟಿ ಉಚಿತ, ಆ್ಯಪಲ್ ಬಳಸುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ.

ತಂಬೂರಿಯನ್ನು ಸ್ಪೀಕರಿನಲ್ಲಿ ಹಾಕಿ ಹಾಡಬೇಡಿ. ಅದು ಕಂಠದ ಮೈಕಿಗೂ ನುಗ್ಗುತ್ತದೆ, ಆಮೇಲೆ ಒಂದು ತಪ್ಪು ಕತ್ತರಿಸಿದರೂ ಶ್ರುತಿ ಜಿಗಿದದ್ದು ಕೇಳಿಸುತ್ತದೆ. ಕಿವಿ ಮುಚ್ಚುವ, ತಂತಿಯಿರುವ ಹೆಡ್‌ಫೋನಿನಲ್ಲಿ ತಂಬೂರಿ ಕೇಳುತ್ತ ಹಾಡಿ, ಅದನ್ನು ಬೇರೆ ಟ್ರ್ಯಾಕಿನಲ್ಲಿ ಇಡಿ. ಬ್ಲೂಟೂತ್ ಬೇಡ, ದನಿ ತಡವಾಗಿ ಬರುತ್ತದೆ. ಕಂಪ್ಯೂಟರಿನ ಮೂಲಕ ನಿಮ್ಮದೇ ದನಿ ಕೇಳುವಾಗ ತಡ ಅನ್ನಿಸಿದರೆ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಬಫರನ್ನು (ದನಿಯನ್ನು ಕೂಡಿಟ್ಟು ಕಳಿಸುವ ತುಂಡಿನ ಗಾತ್ರ) 128ಕ್ಕೆ ಇಳಿಸಿ, ಇಲ್ಲವೇ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ಹೆಡ್‌ಫೋನ್ ಹಾಕಿದರೆ ಶ್ರುತಿ ಜಾರುತ್ತದೆ ಎನ್ನುವವರು ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳಿ. ದೊಡ್ಡ ಸ್ಟುಡಿಯೊಗಳಲ್ಲೂ ಗಾಯಕರು ಹೀಗೆ ಮಾಡುತ್ತಾರೆ.

ಹೆಸರು ಹೇಳಿ ಶುರುಮಾಡಿ

ಪ್ರತಿ ಟೇಕಿನ ತಲೆಯಲ್ಲಿ ಹಾಡು, ರಾಗ, ಶ್ರುತಿ, ಎಷ್ಟನೆಯ ಟೇಕ್ ಎಂದು ಬಾಯಲ್ಲಿ ಹೇಳಿ. ಇದು ಹಳೆಯ ಪದ್ಧತಿ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲ್ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಗಾಯಕಿ ಗೌಹರ್ ಜಾನ್ ಅವರ ಗಾಯನ ಮುದ್ರಿಸಿದಾಗ, ಆ ಗಾಯಕಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಕಲಾವಿದೆಯ ದನಿ ಇಂದಿಗೂ ತನ್ನ ಗುರುತನ್ನು ತಾನೇ ಹೇಳುತ್ತದೆ. ನಿಮ್ಮ ಕಡತಗಳೂ ಹಾಗೇ ಇರಲಿ.

ಹಾಡುವಾಗ ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಆವರ್ತ ಬಿಟ್ಟು ಆ ಸಾಲನ್ನು ಮೊದಲಿಂದ ಹಾಡಿ, ಆಮೇಲೆ ಕತ್ತರಿಸಿ ಸೇರಿಸಬಹುದು. ಆದರೆ ಆಲಾಪನೆಯನ್ನು ತುಂಡು ತುಂಡಾಗಿ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ರಾಗ ಬೆಳೆಯುವ ಉಸಿರು ಜೋಡಣೆಯಲ್ಲಿ ತುಂಡಾಗುತ್ತದೆ. ಅದನ್ನು ಪೂರ್ತಿ ಮತ್ತೆ ಹಾಡಿ.

ಸಂಕಲನದಲ್ಲಿ ಕೈ ಹಗುರವಿರಲಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡಿ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯ ಬುಡ, ನೆಲದ ಕಂಪನ ಎರಡೂ ತಗ್ಗುತ್ತವೆ. ತುಂಬ ಕೆಳಗಿಳಿಯುವ ಗಂಡು ದನಿಯಾದರೆ 60 ಸಾಕು. ಉಳಿಸಿಟ್ಟ ಅರ್ಧ ನಿಮಿಷದ ಮೌನವನ್ನು ಸಾಫ್ಟ್‌ವೇರಿಗೆ ತೋರಿಸಿ ಗೊರಗೊರ ಕಳೆಯಿರಿ. ಅತಿಯಾದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಅನುರಣನವನ್ನು ಇಷ್ಟವಾಗುವಷ್ಟು ಏರಿಸಿ, ಆಮೇಲೆ ಅದರ ಅರ್ಧಕ್ಕೆ ಇಳಿಸಿ. ಎಂಪಿ3 ಮಾಡುವುದು ಕೊಟ್ಟಕೊನೆಗೆ, ಮೂಲ ಡಬ್ಲ್ಯುಎವಿಯನ್ನು ಎರಡು ಕಡೆ ಉಳಿಸಿಕೊಂಡ ಮೇಲೆ.

ಬಳಗದ ಮುಂದೆ ಇಡುವಾಗ

‘ಕೇಳಿ, ಹೇಗಿದೆ ಹೇಳಿ’ ಎಂದರೆ ‘ಸೂಪರ್’ ಎನ್ನುವ ಉತ್ತರವೇ ಬರುತ್ತದೆ, ಅದರಿಂದ ಕಲಿಯಲು ಏನೂ ಸಿಗುವುದಿಲ್ಲ. ಒಂದೇ ಪ್ರಶ್ನೆ ಕೇಳಿ: ‘ಚರಣದಲ್ಲಿ ಸಾಹಿತ್ಯ ಸ್ಪಷ್ಟವಾಗಿದೆಯೇ?’ ಅಥವಾ ‘ತಂಬೂರಿ ಹೆಚ್ಚಾಯಿತೇ?’ ಯಾವ ಮೈಕ್ ಎಂದು ಒಂದು ದಿನ ಹೇಳಬೇಡಿ. ಹೆಸರು ಕೇಳಿದ ಮೇಲೆ ಕಿವಿಗಳು ಪಕ್ಷ ಹಿಡಿಯುತ್ತವೆ. ಉತ್ತರಿಸುವವರು ‘1:42ರಲ್ಲಿ ಪ ಹೊಡೆಯುತ್ತಿದೆ’ ಎಂದು ನಿಮಿಷ ಸೆಕೆಂಡು ಹಿಡಿದು ಹೇಳಿದರೆ ಅದೇ ದೊಡ್ಡ ಉಪಕಾರ. ‘ಅಕ್ಕಾ, ಕುಕ್ಕರ್ ಕೂಗಿದ್ದು ಸರಿಯಾಗಿ ಸಮಕ್ಕೇ ಬಂತು ನೋಡಿ’ ಎನ್ನುವ ತಮಾಷೆಯೂ ಬೇಕು. ಅದನ್ನು ಕೇಳಿ ನಕ್ಕವರು ಮುಂದಿನ ಸಲ ಕುಕ್ಕರ್ ಇಳಿಸಿಯೇ ಹಾಡುತ್ತಾರೆ. ಆದರೆ ಮೊದಲ ಸಲ ಹಾಡಿ ಹಾಕಿದವರ ಕಂಠವನ್ನು ಲೇವಡಿ ಮಾಡಬೇಡಿ. ಕೋಣೆ, ಮೈಕಿನ ಬಗ್ಗೆ ಎಷ್ಟು ಬೇಕಾದರೂ ಕಿಚಾಯಿಸಿ.

ಪರಿಚಯ ಬೆಳೆದ ಮೇಲೆ ಒಂದು ಹಾಡನ್ನು ಹಲವು ಊರುಗಳಿಂದ ಕೂಡಿ ಮಾಡುವ ಆಸೆ ಬರುತ್ತದೆ. ವಿಡಿಯೊ ಕರೆಯಲ್ಲಿ ಒಟ್ಟಿಗೆ ಹಾಡಲು ಹೋಗಬೇಡಿ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್. ಇಂಟರ್‌ನೆಟ್ ಸಾಗುವ ಗಾಜಿನ ಎಳೆಯಲ್ಲಿ ಬೆಳಕಿಗೇ ಒಂದು ದಿಕ್ಕಿಗೆ 70 ಮಿಲಿಸೆಕೆಂಡ್ ಬೇಕು. 30 ದಾಟಿದರೆ ಲಯ ಎಳೆಯತೊಡಗುತ್ತದೆ. ಬದಲಿಗೆ ಒಬ್ಬರು ತಂಬೂರಿ ಮತ್ತು ತಾಳದ ಎಣಿಕೆಯಿರುವ ಮಾರ್ಗದರ್ಶಿ ಕಡತ ಮಾಡಿ ಎಲ್ಲರಿಗೂ ಕಳಿಸಲಿ. ಶ್ರುತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ‘ಬಿಳಿ ಐದು’ ಎಂದಷ್ಟೇ ಹೇಳಿದರೆ ಸಾಲದು. ಹಳೆಯ ಹಾರ್ಮೋನಿಯಂ ಸ್ವಲ್ಪ ಏರಿಯೋ ಇಳಿದೋ ಇರುತ್ತದೆ, ಗಿಟಾರಿನವರು 440 ಹರ್ಟ್ಸ್ ಅಳತೆಗೆ ಕೂಡಿಸಿರುತ್ತಾರೆ. ಎಲ್ಲರೂ ಆ ಕಡತದ ತಂಬೂರಿಗೇ ಕೂಡಿಸಿಕೊಳ್ಳಿ. ಪ್ರತಿಯೊಬ್ಬರೂ ಅದರ ಮೊದಲ ಕ್ಷಣದಿಂದಲೇ ಮುದ್ರಣ ಶುರುಮಾಡಿ, ಎಣಿಕೆಯ ಮೊದಲ ಪೆಟ್ಟಿಗೆ ಒಂದು ಚಪ್ಪಾಳೆ ತಟ್ಟಿ, ಅನುರಣನವಿಲ್ಲದ 48 ಕಿಲೋಹರ್ಟ್ಸ್ ಕಡತ ಕಳಿಸಬೇಕು. ಸೇರಿಸುವವರು ಚಪ್ಪಾಳೆಗಳನ್ನು ಒಂದೇ ಗೆರೆಗೆ ತಂದರೆ ಹಾಸನದ ಕಂಠ, ಧಾರವಾಡದ ತಬಲಾ, ಡಲ್ಲಾಸಿನ ಕೊಳಲು ಸಮಕ್ಕೆ ಬಂದು ನಿಲ್ಲುತ್ತವೆ. ಬೆರೆಸುವಾಗ ಮೊದಲು ಕಂಠ ಮತ್ತು ತಂಬೂರಿ ಮಾತ್ರ ಇಟ್ಟು ಸಮತೋಲ ಹಿಡಿಯಿರಿ, ಆಮೇಲೆ ಲಯವಾದ್ಯ, ಕೊನೆಗೆ ಕೊಳಲು. ಹಾಡು ಹಂಚುವಾಗ ಬೆರೆಸಿದವರ ಹೆಸರನ್ನೂ ಹಾಡಿದವರ ಹೆಸರಿನ ಪಕ್ಕದಲ್ಲೇ ಹಾಕಿ.