ಕೆಮ್ಮಿದರೆ ಸೋರುತ್ತೆ

"ಬೇರೆ ಏನಾದ್ರೂ ತೊಂದರೆ ಇದೆಯಾ ಅಮ್ಮ?" ಅಂತ ಕೇಳಿದರೆ ಮೂತ್ರ ಸೋರುವುದನ್ನು ಯಾರೂ ಹೇಳುವುದಿಲ್ಲ. ಸ್ತ್ರೀರೋಗ ವೈದ್ಯೆಯಾದ ನನಗೇ ಇದು ತಡವಾಗಿ ಗೊತ್ತಾಯಿತು. ಈಗ ನೇರವಾಗಿ ಕೇಳುತ್ತೇನೆ. ಕೆಮ್ಮಿದಾಗ, ಸೀನಿದಾಗ, ಬಿಂದಿಗೆ ಎತ್ತಿದಾಗ ಸೀರೆ ಒದ್ದೆಯಾಗುತ್ತಾ? ಅಥವಾ ಅವಸರವಾಗಿ, ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಬಿಡುತ್ತಾ? ಮೊದಲನೆಯದಾದರೆ ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲವಾಗಿರಬಹುದು. ಎರಡನೆಯದಾದರೆ ಮೂತ್ರಚೀಲ ಬೇಡದ ಹೊತ್ತಲ್ಲಿ ಹಿಂಡಿಕೊಳ್ಳುತ್ತಿರಬಹುದು. ಎರಡೂ ಇರುವವರು ಬೇಕಾದಷ್ಟು ಜನ. ಆದರೆ ಹಗಲು ರಾತ್ರಿ ಎನ್ನದೆ ಸೋರುತ್ತಲೇ ಇದ್ದರೆ, ಅದರಲ್ಲೂ ಗರ್ಭಕೋಶ ತೆಗೆಸಿಕೊಂಡವರಲ್ಲಿ, ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತಾಗಿದೆಯಾ ಅಂತ ನೋಡಲೇಬೇಕು.

ನಾನು ಎಡವಿದ ಕೇಸ್ ಒಂದಿದೆ. ಐವತ್ತು ದಾಟಿದವರು, ಮೂರು ಹೆರಿಗೆ. "ಒಂದಕ್ಕೆ ತಡೆಯಕ್ಕಾಗಲ್ಲ" ಅಂದರು. ಸೋಂಕು ಅಂದುಕೊಂಡು, ಕಲ್ಚರ್ (ಮೂತ್ರದಲ್ಲಿ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಕೂಡ ಮಾಡಿಸದೆ, ಎರಡು ಸಲ ಆ್ಯಂಟಿಬಯಾಟಿಕ್ ಬರೆದೆ. ಮೂರನೇ ಸಲ ಬಂದಾಗ ನನ್ನೆದುರೇ ಕೆಮ್ಮಿದರು. ಸುಮ್ನೆ ನಿಲ್ಲದ ಒಣಕೆಮ್ಮು.

ಆವತ್ತು ಸರಿಯಾಗಿ ಶುರು ಮಾಡಿದೆ. ಕಲ್ಚರ್‌ನಲ್ಲಿ ಸೋಂಕಿಲ್ಲ, ಶುಗರ್ ನಾರ್ಮಲ್. ಮೂತ್ರ ಮಾಡಿ ಬಂದ ಮೇಲೆ ಸ್ಕ್ಯಾನ್ ಮಾಡಿದರೆ ಒಳಗೆ ಉಳಿದಿದ್ದು 30 ಮಿ.ಲೀ. ಅಷ್ಟೇ. ಅಂದರೆ ಚೀಲ ತುಂಬಿ ಹೊರಚೆಲ್ಲುವ ತೊಂದರೆಯಲ್ಲ. ಇನ್ನೊಂದು ದಿನ ಚೀಲ ತುಂಬಿದ್ದಾಗ ಮೇಜಿನ ಮೇಲೆ ಮಲಗಿಸಿ ಕೆಮ್ಮಿಸಿದೆ. ಕೆಮ್ಮಿದ ಕ್ಷಣಕ್ಕೇ ಸೋರಿತು. ಅಂದರೆ ಮೊದಲನೇ ಬಗೆಯದು.

ಮೂರು ದಿನದ ಲೆಕ್ಕ ಬರೆಸಿದೆ: ಎಷ್ಟು ಕುಡಿದರು, ಎಷ್ಟು ಸಲ ಹೋದರು, ಯಾವಾಗ ಸೋರಿತು. ಅವರಿಗೆ ಬರೆಯಲು ಬಾರದು, ಮೊಮ್ಮಗಳು ನೋಟ್‌ಬುಕ್‌ನಲ್ಲಿ ಗೀಟು ಹಾಕಿಕೊಂಡು ಬಂದಿದ್ದಳು. ಸೋರುವ ಭಯಕ್ಕೆ ನೀರನ್ನೇ ಕಡಿಮೆ ಮಾಡಿದ್ದರು. ಅದಕ್ಕೇ ಮಲಬದ್ಧತೆ ಬೇರೆ, ತಿಣುಕಿದಷ್ಟೂ ಕೆಳಗಿನ ಸ್ನಾಯು ಇನ್ನಷ್ಟು ಸಡಿಲ. ಟೀ ಮಾತ್ರ ದಿನಕ್ಕೆ ಆರು ಲೋಟ!

ಕೊನೆಗೆ ಮಾತ್ರೆ ಚೀಲ ತರಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಅಲ್ವಾ? ಬಿಪಿಗೆ ಎನಾಲಾಪ್ರಿಲ್ ತಗೊಳ್ಳುತ್ತಿದ್ದರು. ಕೆಲವರಿಗೆ ಈ ಮಾತ್ರೆಯಿಂದ ಒಣಕೆಮ್ಮು ಬರುತ್ತದೆ. ಹೆರಿಗೆಗಳಿಂದ ಸ್ನಾಯು ಮೊದಲೇ ಸಡಿಲವಾಗಿತ್ತು, ಕೆಮ್ಮು ಅದನ್ನು ಬಯಲಿಗೆ ತಂದಿತ್ತು. ಅವರ ಫಿಸಿಶಿಯನ್ ಜೊತೆ ಮಾತಾಡಿ ಲೊಸಾರ್ಟಾನ್ ಅನ್ನುವ ಬೇರೆ ಬಿಪಿ ಮಾತ್ರೆಗೆ ಬದಲಾಯಿಸಿದೆವು. ಮೂರು ತಿಂಗಳು, ಕೆಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಮಾಡಿಸಿದೆ.

ಕೆಮ್ಮು ಕೆಲವೇ ವಾರಗಳಲ್ಲಿ ನಿಂತಿತು. ಬಿಂದಿಗೆ ಎತ್ತುವಾಗ ಈಗಲೂ ಸ್ವಲ್ಪ ಸೋರುತ್ತದಂತೆ. ಆಪರೇಷನ್ ಮಾತೆತ್ತಿದರೆ, "ಮೊಮ್ಮಗಳ ಪರೀಕ್ಷೆ ಮುಗೀಲಿ ಡಾಕ್ಟರಮ್ಮ" ಅನ್ನುತ್ತಾರೆ.